ಮಂಗಳೂರು ಹಂಚಿನ ಫ್ರೆಂಚ್ ನೆಂಟಸ್ತಿಕೆ

ವಿಟ್ಲದ ಹಳೆಯ ಮನೆಯೊಂದರ ಹಂಚಿನ ಮಾಡನ್ನು ತೋರಿಸಿ ಫ್ರಾನ್ಸಿನ ಮಾತೆತ್ತಿದರೆ ಯಾರಾದರೂ ನಕ್ಕಾರು. ಆದರೆ ಒಂದಕ್ಕೊಂದು ಕಚ್ಚಿ ಕೂರುವ ಹಂಚನ್ನು ರೂಪಿಸಿ 1841ರಲ್ಲಿ ಹಕ್ಕುಪತ್ರ ಪಡೆದವರು ಫ್ರಾನ್ಸಿನ ಆಲ್ಸೇಸ್ ಪ್ರಾಂತದ ಜಿಲಾರ್ದೋನಿ ಸಹೋದರರು. ಅವರ ಊರಾದ ಆಲ್ಟ್‌ಕಿರ್ಕ್‌ಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ನೆರೆಯ ನಗರ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಾಗ ಆ ಬಗೆಯ ಹಂಚು ನಮ್ಮ ನದೀತೀರದ ಜೇಡಿಮಣ್ಣಿನಲ್ಲಿ ಮೈದಳೆಯಿತು. ವರ್ಷವರ್ಷವೂ ಮುಳಿಹುಲ್ಲು ಹೊದೆಸುವ ಶ್ರಮ, ಬೇಸಗೆಯಲ್ಲಿ ಬೆಂಕಿಯ ಭಯ—ಇವೆರಡನ್ನೂ ನೀಗಿದ ಉಪಕಾರ ಸಣ್ಣದಲ್ಲ. ‘ಮಂಗಳೂರು ಹಂಚು’ ಎಂಬ ಹೆಸರನ್ನು ಮಾತ್ರ ನಾನು ಬಿಟ್ಟುಕೊಡಲಾರೆ. ಮಣ್ಣೂ ದುಡಿದ ಕೈಗಳೂ ನಮ್ಮವಷ್ಟೆ! ಈಗ ತಾರಸಿಗಾಗಿ ಮಾಡು ಇಳಿಸುವ ಗೃಹಸ್ಥರು ಹಂಚುಗಳನ್ನು ಹೊಂಡಕ್ಕೆ ಸುರಿಯುವ ಮುನ್ನ ಒಂದನ್ನಾದರೂ ತಿರುವಿ, ಅದರ ಮೈಮೇಲಿನ ಕಾರ್ಖಾನೆಯ ಮುದ್ರೆಯನ್ನು ಓದಿ ನೋಡಲಿ.