ಹಳೇ ಟ್ರಕ್ಕಿನಲ್ಲಿ ಕಿಡಿಯ ಲೆಕ್ಕ

ಎಮರಿವಿಲ್‌ನಲ್ಲಿ 1960ರ ದಶಕದ ಶೆವ್ರೊಲೆ ಪಿಕಪ್ ಕಂಡರೆ ಅಚ್ಚರಿ ಪಡ್ಬೇಡಿ. 1975 ಮತ್ತು ಅದಕ್ಕೂ ಹಿಂದಿನ ಪೆಟ್ರೋಲ್ ಗಾಡಿಗಳಿಗೆ ಕ್ಯಾಲಿಫೋರ್ನಿಯಾದಲ್ಲಿ ಹೊಗೆ ತಪಾಸಣೆ ಇಲ್ಲ. ಹಾಗಾಗಿ ಟೈಮಿಂಗ್ ನೋಡ್ಕೊಳ್ಳೋ ಹೊಣೆ ಮಾಲೀಕರದ್ದೇ.

ಆರು ಸಿಲಿಂಡರ್‌ಗಳಿಗೆ 1-5-3-6-2-4 ಸರದಿಯಲ್ಲಿ ಕಿಡಿ ಹಂಚೋದು ಡಿಸ್ಟ್ರಿಬ್ಯೂಟರ್. ಅದರ ಗೇರಿನ ಹಲ್ಲು ಓರೆ. ಮೇಲಕ್ಕೆ ಎಳೆದಂತೆ ರೋಟರ್ ತಿರುಗುತ್ತೆ. ಆದ್ದರಿಂದ ಬಿಚ್ಚುವ ಮೊದಲೊಂದು, ಹಲ್ಲು ಬಿಟ್ಟ ಮೇಲೊಂದು ಗುರುತು ಹಾಕಿ. ಎರಡನೇ ಗುರುತಿನಿಂದ ಇಳಿಸಿದ್ರೆ ರೋಟರ್ ಮೊದಲನೆಯದಕ್ಕೆ ಬಂದು ಕೂರುತ್ತೆ. ನಡುವೆ ಎಂಜಿನ್ ತಿರುಗಿಸ್ಬೇಡಿ.

ಪಾಯಿಂಟ್ ಗ್ಯಾಪ್ ಬದಲಾದ್ರೆ ಟೈಮಿಂಗೂ ಬದಲಾಗುತ್ತೆ. ಗ್ಯಾಪ್ ಮೊದಲು ಸರಿಮಾಡಿ. ಆಮೇಲೆ ವ್ಯಾಕ್ಯೂಮ್ ಪೈಪ್ ಕಳಚಿ, ಬಾಯಿ ಮುಚ್ಚಿ, ಟೈಮಿಂಗ್ ಲೈಟ್ ಹಿಡಿದು ಡಿಸ್ಟ್ರಿಬ್ಯೂಟರನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ. ಕಿಡಿ ತೀರಾ ಮುಂಚೆ ಬಂದರೆ ಪಿಸ್ಟನ್‌ಗೆ ಪೆಟ್ಟು. ತಡವಾದರೆ ಎಂಜಿನ್ ಕಾಯುತ್ತೆ, ಎಳೆಯೋಲ್ಲ. ಊರಲ್ಲಿ ಪೆಟ್ರೋಲ್ ಅಂಬಾಸಿಡರ್‌ಗೂ ಇದೇ ಲೆಕ್ಕ!