ನಿಮಗಿದು ಗೊತ್ತೇ? ಮಲ್ಲಿಗೆಯ ನೆಂಟ ಲೈಲಾಕ್

● ‘ಲೈಲಾಕ್’ ಎಂಬ ಹೂಗಿಡದ ಹೆಸರಿನ ಬುಡದಲ್ಲಿರುವುದು ನಮ್ಮ ‘ನೀಲ’! ಸಂಸ್ಕೃತದ ನೀಲ ಪಾರಸಿಯಲ್ಲಿ ನೀಲಕ್, ಲೀಲಕ್ ಎಂದೆಲ್ಲ ಆಗಿ, ಅರಬ್ಬಿ, ಫ್ರೆಂಚ್ ದಾಟಿ ಇಂಗ್ಲಿಷಿಗೆ ಸೇರಿತು.

● ಮಲ್ಲಿಗೆ, ಜಾಜಿ, ಪಾರಿಜಾತಗಳದೂ ಇದೇ ಕುಟುಂಬ. ಎಣ್ಣೆಯ ಆಲಿವ್ ಕೂಡ ದಾಯಾದಿಯೇ.

● ಸಾಮಾನ್ಯ ಲೈಲಾಕ್‌ನ ತವರು ಬಾಲ್ಕನ್ ಬೆಟ್ಟಗಳು. ಆಟೊಮನ್ ಸುಲ್ತಾನ ಸುಲೇಮಾನನ ಬಳಿ ರಾಯಭಾರಿಯಾಗಿದ್ದ ಬುಸ್ಬೆಕ್ 16ನೇ ಶತಮಾನದಲ್ಲಿ ಇಸ್ತಾಂಬುಲ್‌ನಿಂದ ವಿಯೆನ್ನಾಕ್ಕೆ ಇದನ್ನು ಒಯ್ದ.

● ಸಸ್ಯಶಾಸ್ತ್ರದಲ್ಲಿ ಇದು ‘ಸಿರಿಂಜಾ’. ಗ್ರೀಕಿನ ‘ಸಿರಿಂಕ್ಸ್’ ಎಂದರೆ ಕೊಳವೆ, ಕೊಳಲು. ಡಾಕ್ಟರ ಕೈಯಲ್ಲಿರುವ ಸಿರಿಂಜಿಗೂ ಮೂಲ ಅದೇ.

● ಸುತ್ತುಸುತ್ತಿನ ಎಸಳಿನ ಲೈಲಾಕ್‌ಗಳಿಗೆ ಹೆಸರಾದದ್ದು ಫ್ರಾನ್ಸಿನ ನಾನ್ಸಿ ಊರಿನ ವಿಕ್ಟರ್ ಲೆಮ್ವಾನ್. 1870ರ ದಶಕದಲ್ಲಿ ಕೆಲಸ ಶುರುಮಾಡಿದಾಗ ಆತನಿಗೆ ಕಣ್ಣು ಮಂಜು. ಏಣಿ ಹತ್ತಿ, ಪುಟ್ಟ ಹೂಗಳಿಗೆ ಒಂದೊಂದಾಗಿ ಪರಾಗ ಸವರಿದವಳು ಹೆಂಡತಿ. ತಳಿಗಳು ಮಾತ್ರ ಗಂಡನ ಹೆಸರಿನಲ್ಲೇ ಪ್ರಸಿದ್ಧವಾದವು!

● ಹೂವಿಗೆ ಸಾಮಾನ್ಯವಾಗಿ ನಾಲ್ಕೇ ಎಸಳು. ಐದು ಎಸಳಿನದು ಸಿಕ್ಕರೆ ರಷ್ಯನ್ನರು ಅದೃಷ್ಟವೆಂದು ಬಾಯಿಗೆ ಹಾಕಿಕೊಳ್ಳುತ್ತಾರೆ.

● ಗಿಡಕ್ಕೆ ದಿನಕ್ಕೆ ಆರು ಗಂಟೆ ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ಸಾರಜನಕದ ಗೊಬ್ಬರ ಹೆಚ್ಚಾದರೆ ಬರೀ ಎಲೆ. ಕತ್ತರಿ ಆಡಿಸುವುದು ಹೂ ಮುಗಿದ ಕೂಡಲೇ. ಮುಂದಿನ ವರ್ಷದ ಮೊಗ್ಗು ಆ ಬೇಸಿಗೆಯಲ್ಲೇ ಕಟ್ಟುತ್ತದೆ. ಚಳಿಗಾಲದಲ್ಲಿ ‘ಚೊಕ್ಕಟ’ ಮಾಡಹೊರಟವರು ವಸಂತದಲ್ಲಿ ಬರಿಗಿಡ ನೋಡುತ್ತಾ ಕೂರಬೇಕಾದೀತು.

● ಮುಖ್ಯವಾಗಿ ಬೇಕಿರುವುದು ಚಳಿ. ವಾರಗಟ್ಟಲೆ ಕೊರೆಯುವ ಚಳಿಯಲ್ಲಿ ನಿದ್ದೆ ಮಾಡದಿದ್ದರೆ ಮೊಗ್ಗು ಸರಿಯಾಗಿ ಅರಳುವುದಿಲ್ಲ. ಬೆಂಗಳೂರಿನ ಡಿಸೆಂಬರ್ ಇದಕ್ಕೆ ಲೆಕ್ಕಕ್ಕೇ ಇಲ್ಲ. ಬೆಚ್ಚನೆಯ ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆಂದು ‘ಲ್ಯಾವೆಂಡರ್ ಲೇಡಿ’ ಎಂಬ ತಳಿಯನ್ನೇ ಬೇರೆ ಹುಟ್ಟಿಸಬೇಕಾಯಿತು.

● ಭಾರತದಲ್ಲಿ ಲೈಲಾಕ್ ಇಲ್ಲವೇ ಇಲ್ಲ ಅನ್ನಬೇಡಿ. ಕಾಶ್ಮೀರ, ಹಿಮಾಚಲ, ಉತ್ತರಾಖಂಡದ ಎತ್ತರದ ಬೆಟ್ಟಗಳಲ್ಲಿ ಹಿಮಾಲಯದ ಲೈಲಾಕ್ ತಾನಾಗಿಯೇ ಬೆಳೆಯುತ್ತದೆ.

● ‘ಪರ್ಷಿಯನ್ ಲೈಲಾಕ್’ ಎಂಬ ಚೀಟಿ ನೋಡಿ ಗಿಡ ಕೊಂಡೀರಿ, ಜೋಕೆ! ನಮ್ಮ ಹುಚ್ಚುಬೇವಿಗೂ ಅದೇ ಹೆಸರಿದೆ. ಮರವಾಗಿ ಬೆಳೆದು ನಿಂತಾಗ ಅಂಗಡಿಯವನನ್ನು ಬೈದು ಫಲವಿಲ್ಲ.

● ಬಾಸ್ಟನ್‌ನ ಆರ್ನಾಲ್ಡ್ ಸಸ್ಯೋದ್ಯಾನದಲ್ಲಿ ಮೇ ತಿಂಗಳ ಎರಡನೇ ಭಾನುವಾರ ‘ಲೈಲಾಕ್ ಭಾನುವಾರ’. ಅಮ್ಮಂದಿರ ದಿನವೂ ಅಂದೇ. ಆ ಕಡೆ ಮಗನೋ ಮಗಳೋ ಇದ್ದರೆ ಟಿಕೆಟ್ ಕೇಳಲು ಇದಕ್ಕಿಂತ ಒಳ್ಳೆಯ ನೆಪ ಸಿಗಲಿಕ್ಕಿಲ್ಲ. ಇಲ್ಲೇ ಇರುವವರು ಅಂಗಳದಲ್ಲೊಂದು ಪಾರಿಜಾತ ನೆಡಿ.