ಮಡಿಯ ಮದಿರೆ, ಮುಟ್ಟುವ ಕೈ

ಕಾರ್ಕಳದ ನಮ್ಮ ಹಳೆಯ ಮನೆಗೆ ಪ್ರತಿ ಕ್ರಿಸ್‌ಮಸ್‌ಗೂ ನೆರೆಯ ಕ್ರೈಸ್ತ ಕುಟುಂಬದಿಂದ ಒಂದು ತಟ್ಟೆ ಬರುತ್ತಿತ್ತು. ಅದರಲ್ಲಿ ಕುಸ್ವಾರ್ ತಿಂಡಿ, ಒಂದು ಚಿಪ್ಪು ಬಾಳೆಹಣ್ಣು, ಜೊತೆಗೆ ಭರಣಿಯಲ್ಲಿ ಹುದುಗಿಸಿದ ದ್ರಾಕ್ಷಿ ವೈನಿನ ಪುಟ್ಟ ಸೀಸೆ. ಮಡಿಯುಟ್ಟ ಅಜ್ಜಿ ಬಾಳೆಹಣ್ಣನ್ನಷ್ಟೇ ಒಳಗೆ ತೆಗೆದುಕೊಳ್ಳುತ್ತಿದ್ದರು. ಹಸಿ ಹಣ್ಣಿಗೆ ದೋಷವಿಲ್ಲ, ಬೆಂದದ್ದಕ್ಕೆ ಉಂಟು ಎಂಬುದು ಅವರ ಶಾಸ್ತ್ರ.

ಕೆಲವು ವರ್ಷಗಳ ಹಿಂದೆ ಮಣಿಪಾಲಕ್ಕೆ ಓದಲು ಬಂದಿದ್ದ ಯಹೂದಿ ತರುಣನೊಬ್ಬ ಉಡುಪಿಯ ನಮ್ಮ ಮನೆಗೆ ಬಂದ. ಊಟಕ್ಕೆ ಎಬ್ಬಿಸಿದರೆ ವಿನಯದಿಂದ ಕೈಮುಗಿದ. ಎಳನೀರು ಕುಡಿದು ಎರಡು ಬಾಳೆಹಣ್ಣು ತಿಂದ. ನಗು ಬಂತು, ಆದರೆ ಗಂಟಲಲ್ಲೇ ನಿಂತಿತು. ಅಜ್ಜಿಯ ಹೊಸ್ತಿಲಾಚೆ ನಿಂತಿದ್ದ ಕೈ ಈಗ ನನ್ನದಾಗಿತ್ತು.

ಅಂದಿನ ಮಾತುಕತೆಯಲ್ಲಿ ನನ್ನ ಮನಸ್ಸಿನಲ್ಲುಳಿದದ್ದು ಕೋಷರ್ ವೈನಿನ ಸಂಗತಿ. ಕೋಷರ್ ಎಂದರೆ ಯಹೂದಿ ಧರ್ಮಶಾಸ್ತ್ರಕ್ಕೆ ಒಪ್ಪಿತವಾದದ್ದು. ಬಳ್ಳಿಯ ಮೊದಲ ಮೂರು ವರ್ಷಗಳ ಫಲ ವರ್ಜ್ಯ. ದ್ರಾಕ್ಷಿಯನ್ನು ಹಿಂಡಿದ ಕ್ಷಣದಿಂದ ಸೀಸೆಗೆ ಮುದ್ರೆ ಬೀಳುವ ತನಕ ರಸವನ್ನು ಮುಟ್ಟುವವರು ಸಬ್ಬತ್ ಪಾಲಿಸುವ ಯಹೂದಿಗಳೇ ಆಗಿರಬೇಕು. ಅನ್ಯದೇವತೆಗಳಿಗೆ ಎರೆದ ಮದಿರೆ ತಮ್ಮ ಬಟ್ಟಲಿಗೆ ಬಂದೀತೆಂಬ ಆತಂಕದಿಂದ ಹುಟ್ಟಿದ ಕಟ್ಟಳೆಯಿದು. ಆದರೆ ಅದೇ ಶಾಸ್ತ್ರದಲ್ಲಿ ಒಂದು ಬಾಗಿಲೂ ಇದೆ. ಕಾಯಿಸಿದ ವೈನ್ 'ಮೆವುಶಾಲ್' ಎನಿಸುತ್ತದೆ. ಅದನ್ನು ಪರಧರ್ಮೀಯರು ಬಡಿಸಿದರೂ ಕೆಡುಕಿಲ್ಲ. ಈಗ ಅದನ್ನು ಕುದಿಸಬೇಕಿಲ್ಲ, ಕೆಲವೇ ಕ್ಷಣ ಕಾಯಿಸಿ ಕೂಡಲೇ ತಣಿಸುತ್ತಾರೆ.

ಪಾಸೋವರ್ ಹಬ್ಬದ ರಾತ್ರಿ ನಾಲ್ಕು ಬಟ್ಟಲು ವೈನ್ ಕುಡಿಯುವುದು ವಿಧಿ, ಕೆಂಪಿಗೆ ಆದ್ಯತೆ. ಹಾಗಾಗಿ ಎಲ್ಲಿಗೆ ಚದುರಿದರೂ ಈ ಜನ ದ್ರಾಕ್ಷಿಯನ್ನು ಅರಸಿದರು. 1880ರ ದಶಕದಲ್ಲಿ ಬ್ಯಾರನ್ ಎಡ್ಮಂಡ್ ದ ರಾತ್‌ಶೀಲ್ಡ್ ಪ್ಯಾಲೆಸ್ಟೈನಿನ ದ್ರಾಕ್ಷಿ ತೋಟಗಳಿಗೆ ಹಣ ಒದಗಿಸಿದರು. ಅಮೆರಿಕಕ್ಕೆ ಹೋದವರು ಅಲ್ಲಿನ ಕಾಂಕರ್ಡ್ ದ್ರಾಕ್ಷಿಗೆ ಸಕ್ಕರೆ ಬೆರೆಸಿ ಸಿಹಿಯಾದ ಕೆಂಪು ವೈನ್ ಮಾಡಿದರು. 2013ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ನಮ್ಮ ಬೆಂಗಳೂರು ಬ್ಲೂ ಆ ಕಾಂಕರ್ಡಿನ ದೂರದ ದಾಯಾದಿ. ನೆರೆಮನೆಯ ಭರಣಿಯಲ್ಲಿ ಸಕ್ಕರೆಯೊಡನೆ ಹುದುಗುತ್ತಿದ್ದುದೂ ಅದೇ ಕಪ್ಪು ದ್ರಾಕ್ಷಿ.

ದ್ರಾಕ್ಷಿ ಬೆಳೆಯದ ನಮ್ಮ ಕರಾವಳಿಯಲ್ಲಿ ಯಹೂದಿ ಏನು ಮಾಡಬೇಕು? ಒಣದ್ರಾಕ್ಷಿ ನೆನೆಸಿ ತೆಗೆದ ರಸ ಸಬ್ಬತ್ ಪ್ರಾರ್ಥನೆಗೆ ಸಲ್ಲುತ್ತದೆ. ಕೊಂಕಣದ ಬೆನೆ ಇಸ್ರೇಲಿಗಳ ರೂಢಿಯೂ ಅದೇ. ಹನ್ನೆರಡನೆಯ ಶತಮಾನದಲ್ಲಿ ಟ್ಯುನೀಷಿಯದ ವರ್ತಕ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿದ್ದ. ಅಮಿತಾವ್ ಘೋಷ್ ಅವರ ಕೃತಿಯಿಂದ ಆತನ ಕಥೆ ನಮ್ಮಲ್ಲಿ ಅನೇಕರಿಗೆ ಪರಿಚಿತ. ಅಡೆನ್‌ನ ಗೆಳೆಯರು ಅವನಿಗೆ ಸಕ್ಕರೆ, ಬಾದಾಮಿ, ಕಾಗದಗಳ ಜೊತೆ ಒಣದ್ರಾಕ್ಷಿಯನ್ನೂ ಕಳುಹಿಸಿದ್ದು ಕೈರೋದಲ್ಲಿ ದೊರೆತ ಪತ್ರಗಳಲ್ಲಿದೆ. ಕಾಪುವಿನ ದೀಪಸ್ತಂಭದ ಬಳಿ ನಿಂತಾಗಲೆಲ್ಲ ಅಡೆನ್ನಿನ ಹಡಗಿನ ಆ ದ್ರಾಕ್ಷಿ ನೆನಪಾಗುತ್ತದೆ; ಅದರಲ್ಲಿ ಒಂದು ಹಿಡಿಯಾದರೂ ಸಬ್ಬತ್ ಬಟ್ಟಲಿಗೆ ಸೇರಿರಬಹುದೆಂದು ನನ್ನ ಊಹೆ. 1132ರಲ್ಲಿ ಬೆನ್ ಯಿಜು ಅಶು ಎಂಬಾಕೆಯನ್ನು ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರವೂ ಉಳಿದಿದೆ. ಆತನ ಮಕ್ಕಳ ತಾಯಿ ಆಕೆಯೇ ಎಂಬುದು ವಿದ್ವಾಂಸರ ಅಭಿಪ್ರಾಯ. ಕಟ್ಟಳೆಯ ಮನೆಯೊಳಗೂ ಪರಕೀಯಳ ಕೈಗೆ ಎಡೆಯಿತ್ತು.

ನಮ್ಮಲ್ಲಿ? ಕೊರಗಜ್ಜನಿಗೆ ಕಳ್ಳು, ಚಕ್ಕುಲಿ, ವೀಳ್ಯ ಒಪ್ಪಿಸಿ ಕೈಮುಗಿಯುತ್ತೇವೆ. ಕೊರಗರನ್ನು ಹೀನಾಯವಾಗಿ ನಡೆಸಿಕೊಂಡ ಅಜಲು ಪದ್ಧತಿಯನ್ನು ನಿಷೇಧಿಸಲು ಮಾತ್ರ 2000ನೇ ಇಸವಿಯ ಕಾನೂನು ಬೇಕಾಯಿತು. ಮೂರ್ತೆದಾರ ಇಳಿಸಿದ ಕಳ್ಳು ದೈವಕ್ಕೆ ಸಂದಿತು, ಆತ ಬಹುಕಾಲ ನಮ್ಮ ಜಗಲಿಯ ಕೆಳಗೇ ನಿಂತ. ಚದುರಿಹೋದ ಅಲ್ಪಸಂಖ್ಯಾತರು ತಮ್ಮನ್ನು ಉಳಿಸಿಕೊಳ್ಳಲು ಕಟ್ಟಿಕೊಂಡ ಬೇಲಿಗೂ ಬಲವುಳ್ಳವರು ನೆರೆಯವರ ಸುತ್ತ ಹಾಕಿದ ಬೇಲಿಗೂ ಅಂತರವಿದೆ. ಅವರು ತಮ್ಮ ಬೇಲಿಯಲ್ಲೊಂದು ದಣಪೆಯನ್ನು ತಾವೇ ಇಟ್ಟುಕೊಂಡರು. ನಾವು ಕಾನೂನು ಬರುವ ತನಕ ಕಾದೆವು.

ಅಜ್ಜಿಯನ್ನು ನಾನು ದೂರುವುದಿಲ್ಲ. ಬರಿದಾದ ತಟ್ಟೆಯಲ್ಲಿ ತೆಂಗಿನಕಾಯಿ ಇಟ್ಟೇ ಅವರು ಹಿಂದಿರುಗಿಸುತ್ತಿದ್ದರು. ಕಳೆದ ಡಿಸೆಂಬರಿನಲ್ಲಿ ಕಾರ್ಕಳಕ್ಕೆ ಹೋದಾಗ ಆ ನೆರೆಮನೆಯ ಬಾಯಮ್ಮ ಪುಟ್ಟ ಗ್ಲಾಸಿನಲ್ಲಿ ವೈನ್ ಸುರಿದು ಕೊಟ್ಟರು. ಸಿಹಿ ತುಸು ಹೆಚ್ಚಾಗಿತ್ತು. ಪೂರ್ತಿ ಕುಡಿದೆ.